ಪೀಣ್ಯದಿಂದ ಕಿದ್ವಾಯಿಗೆ ಎಷ್ಟು ದೂರ?

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ತೆರೆದೇ ಇತ್ತು. ಡೇರಿ ಸರ್ಕಲ್ ಹತ್ತಿರ, ನಿಮ್ಹಾನ್ಸ್ ನೆರೆಯಲ್ಲಿರುವ ಈ ಆಸ್ಪತ್ರೆ 1973ರಲ್ಲಿ ಶುರುವಾದಾಗಿನಿಂದಲೂ ಕೈಯಲ್ಲಿ ಕಾಸಿಲ್ಲದವರು ಕೊನೆಗೆ ಬಂದು ನಿಲ್ಲುವ ಜಾಗ. ಒಳಗೆ ವೈದ್ಯರಿದ್ದರು, ಕರೆಂಟು (ವಿಕಿರಣ) ಕೊಡುವ ಯಂತ್ರಗಳಿದ್ದವು. ಬರಬೇಕಾದವರಲ್ಲಿ ಬಹಳಷ್ಟು ಮಂದಿಗೆ ಬರಲು ಆಗಲಿಲ್ಲ.

ದೇಶದ ಬೇರೆ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಇದೇ ಆಯಿತು. ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ಗೆ ಸೇರಿದ 41 ಕೇಂದ್ರಗಳ ಲೆಕ್ಕ 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಬಂತು. 2019ರ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳ ಪಕ್ಕದಲ್ಲಿ 2020ರ ಅದೇ ತಿಂಗಳುಗಳನ್ನಿಟ್ಟು ನೋಡಿದರೆ ಹೊಸ ರೋಗಿಗಳ ನೋಂದಣಿ ಶೇ. 54ರಷ್ಟು ಕುಸಿದಿತ್ತು. ಮರುಭೇಟಿ ಶೇ. 46, ದೊಡ್ಡ ಶಸ್ತ್ರಚಿಕಿತ್ಸೆ ಶೇ. 49, ಹೊರರೋಗಿ ಕೀಮೋ ಶೇ. 37ರಷ್ಟು ಇಳಿದಿದ್ದವು. ವಿಕಿರಣ ಚಿಕಿತ್ಸೆ ಇಳಿದದ್ದು ಶೇ. 23 ಮಾತ್ರ. ಪೆಟ್ಟು ಹೆಚ್ಚು ಬಿದ್ದದ್ದು ದೊಡ್ಡ ನಗರಗಳಿಗೆ. ಈ ಅಂಕಿಗಳಲ್ಲಿ ಕಣ್ಣು ನಿಲ್ಲಬೇಕಾದದ್ದು ಮೊದಲನೆಯದರ ಮೇಲೆ. ಚಿಕಿತ್ಸೆಯ ನಡುವೆ ಇದ್ದವರು ಹೇಗೋ ಏಗಿದರು. ಎದೆಯಲ್ಲೊಂದು ಗಂಟು, ಬಾಯಲ್ಲೊಂದು ಮಾಯದ ಹುಣ್ಣು ಇಟ್ಟುಕೊಂಡು ‘ಇದೇನು’ ಎಂದು ಕೇಳಲು ಹೊರಡಬೇಕಿದ್ದವರು ಮನೆಯಲ್ಲೇ ಉಳಿದರು. ಅವರು ಇನ್ನೂ ಯಾವ ಆಸ್ಪತ್ರೆಯ ರೋಗಿಯೂ ಆಗಿರಲಿಲ್ಲ. ಹಾಗಾಗಿ ‘ಯಾಕೆ ಬರಲಿಲ್ಲ’ ಎಂದು ಫೋನು ಮಾಡಿ ಕೇಳುವವರೂ ಇರಲಿಲ್ಲ.

ಹೀಗೆ ಉಳಿದವರು ಯಾರು? ಬೆಂಗಳೂರಿನ ಮಟ್ಟಿಗೆ ಉತ್ತರ ಹುಡುಕಬೇಕಾದದ್ದು ನಗರದ ಅಂಚಿನಲ್ಲಿ. ವಾಯವ್ಯಕ್ಕೆ ಪೀಣ್ಯ, ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ ಮತ್ತು ಅದಕ್ಕೆ ಅಂಟಿಕೊಂಡ ಬೊಮ್ಮಸಂದ್ರ, ಹೆಬ್ಬಗೋಡಿ. ಪೀಣ್ಯದಲ್ಲಿ ಲೇತ್ ಮಷೀನು, ಪ್ಲೇಟಿಂಗ್, ಗಾರ್ಮೆಂಟ್ಸ್. ಉಳಿದೆರಡು ಕಡೆ ಗಾಜಿನ ಕಟ್ಟಡಗಳು. ಆ ಕಟ್ಟಡಗಳ ನೆಲ ಒರೆಸುವವರು, ಗೇಟು ಕಾಯುವವರು, ಕ್ಯಾಬ್ ಓಡಿಸುವವರು, ಊಟದ ಪೊಟ್ಟಣ ಹೊತ್ತು ತರುವವರು, ಪಕ್ಕದ ಸೈಟಿನಲ್ಲಿ ಸೆಂಟ್ರಿಂಗ್ ಕಟ್ಟುವವರು, ಕಸ ಆಯುವವರು ಇರುವುದು ಹಿಂದಿನ ಬೀದಿಯ ವಠಾರಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರ ಜತೆಗೆ ಒಡಿಶಾ, ಬಂಗಾಳ, ಬಿಹಾರ, ಅಸ್ಸಾಮಿನವರೂ ಇಲ್ಲಿದ್ದಾರೆ.

ಈ ಅಂಚಿನಲ್ಲಿ ಕ್ಯಾನ್ಸರ್ ಆಸ್ಪತ್ರೆಗಳಿಲ್ಲವೆಂದಲ್ಲ. ವೈಟ್‌ಫೀಲ್ಡಿನಲ್ಲಿ ವೈದೇಹಿ ಇದೆ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ 2009ರಿಂದ ಮಜುಂದಾರ್ ಷಾ ಕ್ಯಾನ್ಸರ್ ಕೇಂದ್ರವಿದೆ. ಎರಡೂ ಖಾಸಗಿ. ವೈಟ್‌ಫೀಲ್ಡಿನಲ್ಲೇ ಬಿಲ್ಲಿನ ಕೌಂಟರೇ ಇಲ್ಲದ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ 2001ರಿಂದ ನಡೆಯುತ್ತಿದೆ, ಆದರೆ ಅದರ ಹೆಸರು ಹೃದಯ ಮತ್ತು ನರರೋಗ ಚಿಕಿತ್ಸೆಗೆ. ಸರ್ಕಾರಿ ಕ್ಯಾನ್ಸರ್ ಚಿಕಿತ್ಸೆ ಬೇಕೆಂದರೆ ಮೂರೂ ದಿಕ್ಕಿನವರು 15ರಿಂದ 20 ಕಿಲೋಮೀಟರ್ ದಾಟಿ ಕಿದ್ವಾಯಿಗೇ ಬರಬೇಕು. ಸಾಮಾನ್ಯ ದಿನಗಳಲ್ಲಿ ಅದು ಎರಡು ಬಸ್ಸು, ಅರ್ಧ ದಿನದ ರಜೆ. 2020ರ ವಸಂತದಲ್ಲಿ ಕಿದ್ವಾಯಿ ಬೇರೆಯೇ ಊರಾಯಿತು.

ಮೊದಲು ನಿಂತದ್ದು ಚಕ್ರ. ಜನತಾ ಕರ್ಫ್ಯೂ ದಿನವಾದ ಮಾರ್ಚ್ 22ರಂದು ನಿಂತ ಮೆಟ್ರೊ ಮತ್ತೆ ಓಡಿದ್ದು ಸೆಪ್ಟೆಂಬರ್ ಎರಡನೇ ವಾರಕ್ಕೆ. ಆಗ ಮೂರು ವಲಯಗಳ ಪೈಕಿ ಮೆಟ್ರೊ ಇದ್ದದ್ದು ಪೀಣ್ಯಕ್ಕೊಂದಕ್ಕೇ. ವೈಟ್‌ಫೀಲ್ಡಿಗೆ ಅದು ತಲುಪಿದ್ದು 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ. ಬಿಎಂಟಿಸಿ ಬಸ್ಸು ಮೇ 19ರಂದು ರಸ್ತೆಗಿಳಿಯಿತಾದರೂ ಮೊದಲ ದಿನಗಳಲ್ಲಿ ಟಿಕೆಟ್ ಕೊಡುತ್ತಿರಲಿಲ್ಲ, ಪಾಸು ಮಾತ್ರ. ದಿನದ ಪಾಸಿಗೆ 70 ರೂಪಾಯಿ. ರೋಗಿ ಒಬ್ಬರೇ ಬರುವುದುಂಟೆ? ಜತೆಗೊಬ್ಬರು ಇರಲೇಬೇಕು. ಎರಡು ತಿಂಗಳು ಸಂಬಳ ಕಾಣದ ಮನೆಯಲ್ಲಿ 140 ರೂಪಾಯಿ ಸಣ್ಣ ಮೊತ್ತವಲ್ಲ.

ಬಸ್ಸಿಲ್ಲದ ಆ ಎರಡು ತಿಂಗಳಲ್ಲಿ ತುರ್ತು ಓಡಾಟಕ್ಕೆ ಪೊಲೀಸರ ಇ-ಪಾಸ್ ಇತ್ತು. ಆ್ಯಪ್ ಮೂಲಕ ಕರೆಸಿಕೊಳ್ಳುವ ಕ್ಯಾಬ್ ಕಂಪನಿಯೊಂದು ಆಸ್ಪತ್ರೆಗೆ ಹೋಗುವವರಿಗಾಗಿ ವಿಶೇಷ ಸೇವೆಯನ್ನೂ ಆರಂಭಿಸಿತು. ಎರಡಕ್ಕೂ ಸ್ಮಾರ್ಟ್‌ಫೋನು ಬೇಕು, ಅದರಲ್ಲಿ ಡೇಟಾ ಇರಬೇಕು, ಅರ್ಜಿ ತುಂಬುವವರು ಬೇಕು. ಐ.ಟಿ. ನಗರದ ಬೆನ್ನಿಗೇ ಇರುವ ಶೆಡ್ಡುಗಳಲ್ಲಿ ಮನೆಗೊಂದು ಫೋನಿದ್ದರೆ ಅದು ದುಡಿಯಲು ಹೋಗುವ ಗಂಡಸಿನ ಜೇಬಿನಲ್ಲಿರುತ್ತದೆ.

ಆ ಏಪ್ರಿಲ್‌ನಲ್ಲಿ ನಡೆದ ಒಂದು ಘಟನೆ ಕನ್ನಡ ಪತ್ರಿಕೆಗಳಲ್ಲಿ ದೊಡ್ಡದಾಗಿಯೇ ಬಂತು. ಧಾರವಾಡ ಕಡೆಯ ಕ್ಯಾನ್ಸರ್ ರೋಗಿಯೊಬ್ಬರಿಗೆ ಬೆಂಗಳೂರಿನಿಂದ ಔಷಧಿ ತರಿಸಿಕೊಳ್ಳಲು ದಾರಿಯಿಲ್ಲವೆಂಬ ಸುದ್ದಿ ಟಿ.ವಿ.ಯಲ್ಲಿ ಬಂದಿತ್ತು. ನಗರ ಪೊಲೀಸ್ ಆಯುಕ್ತರ ಕಚೇರಿಯ ಹೆಡ್ ಕಾನ್‌ಸ್ಟೇಬಲ್ ಎಸ್. ಕುಮಾರಸ್ವಾಮಿ ಅದನ್ನು ನೋಡಿ, ಮೇಲಧಿಕಾರಿಯ ಅನುಮತಿ ಪಡೆದು, ತಮ್ಮ ಸ್ಕೂಟರಿನಲ್ಲೇ ಸುಮಾರು 430 ಕಿಲೋಮೀಟರ್ ಹೋಗಿ ಔಷಧಿ ಮುಟ್ಟಿಸಿ ಬಂದರು. ಆಯುಕ್ತರಾಗಿದ್ದ ಭಾಸ್ಕರ್ ರಾವ್ ಅವರನ್ನು ಗೌರವಿಸಿದರು. ತಮಿಳುನಾಡಿನಲ್ಲಿ ಅದೇ ಹೊತ್ತಿಗೆ ವಯಸ್ಸಾದ ಕೂಲಿಯೊಬ್ಬರು ಕ್ಯಾನ್ಸರ್ ಪೀಡಿತ ಹೆಂಡತಿಯನ್ನು ಸೈಕಲ್ ಮೇಲೆ ಕೂರಿಸಿಕೊಂಡು ಕುಂಭಕೋಣದಿಂದ ಪುದುಚೇರಿಯ ಜಿಪ್ಮರ್‌ವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ತುಳಿದಿದ್ದರು. ಇವು ಓದಿದವರ ಕಣ್ಣಲ್ಲಿ ನೀರು ತರಿಸಿದ ಸುದ್ದಿಗಳು, ನಿಜ. ಆದರೆ ಒಬ್ಬ ಪೇದೆಯ ಸ್ಕೂಟರೇ ಒಂದು ರಾಜ್ಯದ ಔಷಧ ಸರಬರಾಜು ವ್ಯವಸ್ಥೆಯಾಗುವುದು ಹೆಮ್ಮೆಪಡುವ ಸಂಗತಿಯೇ ಎಂದು ಆಗ ಯಾರೂ ಅಷ್ಟಾಗಿ ಕೇಳಲಿಲ್ಲ.

ದಾರಿ ಕಷ್ಟ ಎಲ್ಲರಿಗೂ ಇತ್ತು. ಹೊರಅಂಚಿನ ಕಾರ್ಮಿಕರ ಕಷ್ಟವನ್ನು ಬೇರೆಯಾಗಿಸಿದ್ದು ಇನ್ನೊಂದು ಸಂಗತಿ: ಅವರ ಚಿಕಿತ್ಸೆ ಅವರ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟಿತ್ತು. ಕೆಲಸ ನಿಂತ ದಿನವೇ ಸಂಬಳದ ಜತೆಗೆ ವೈದ್ಯಕೀಯ ರಕ್ಷಣೆ, ಬಾಡಿಗೆ ಮನೆ, ಊರಿನಲ್ಲಿ ಉಳಿಯುವ ಕಾರಣ ಎಲ್ಲವೂ ಒಟ್ಟಿಗೆ ಅಲುಗಾಡಿದವು.

ಇದನ್ನು ಅರಿಯಲು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಲೆಕ್ಕಾಚಾರದೊಳಗೆ ಸ್ವಲ್ಪ ಇಳಿಯಬೇಕು. 1948ರ ಕಾಯ್ದೆಯಿಂದ ಹುಟ್ಟಿದ ಈ ಯೋಜನೆ ಪೀಣ್ಯದ ಕಾರ್ಮಿಕರ ಮಟ್ಟಿಗೆ ನಿಜಕ್ಕೂ ದೊಡ್ಡ ಆಸರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಶೇ. 0.75, ಮಾಲೀಕರು ಶೇ. 3.25 ಕಟ್ಟಿದರೆ ಕಾರ್ಮಿಕನಿಗೂ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನ ಸಂಬಳದ ಶೇ. 70ರಷ್ಟು ಕೈಗೆ ಬರುತ್ತದೆ. ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ ಅದು ಶೇ. 80ರ ಲೆಕ್ಕದಲ್ಲಿ ಎರಡು ವರ್ಷದವರೆಗೂ ಹಿಗ್ಗಬಲ್ಲದು. ಕಾಗದದ ಮೇಲೆ ಇಷ್ಟು ಒಳ್ಳೆಯ ಏರ್ಪಾಡು ಬಹಳ ಖಾಸಗಿ ವಿಮೆಗಳಲ್ಲೂ ಇಲ್ಲ.

ತೊಡಕಿರುವುದು ದಿನಗಳ ಎಣಿಕೆಯಲ್ಲಿ. ವರ್ಷವನ್ನು ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂದು ಎರಡು ತುಂಡು ಮಾಡಲಾಗಿದೆ. ಒಂದು ತುಂಡಿನಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಮಾತ್ರ ಅದಕ್ಕೆ ಸರಿಹೊಂದುವ ಮುಂದಿನ ಆರು ತಿಂಗಳಲ್ಲಿ ಕಾಯಿಲೆ ಭತ್ಯೆ ಸಿಗುತ್ತದೆ. 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ತುಂಡಿನ ಫಲ ಸಿಗಬೇಕಾದದ್ದು 2021ರ ಜನವರಿಯಿಂದ ಜೂನ್‌ವರೆಗೆ. ಅಂದರೆ ಮೊದಲ ಲಾಕ್‌ಡೌನ್‌ನಲ್ಲಿ ಕೂಲಿ ಕಳೆದುಕೊಂಡ ಹೊಲಿಗೆಯಾಕೆಯ ಭತ್ಯೆಗೆ ಕತ್ತರಿ ಬೀಳುವುದು ಸರಿಯಾಗಿ ಎರಡನೇ ಅಲೆಯ ನಡುವಿನಲ್ಲಿ. ಇಎಸ್‌ಐ ನಿಗಮ ತಡವಾಗಿಯಾದರೂ ಇದನ್ನು ಗಮನಿಸಿ ಆ ಅವಧಿಗೆ ಷರತ್ತು ಸಡಿಲಿಸಿತು. ಸಡಿಲಿಕೆಯ ಲಾಭವಾದರೂ ದಕ್ಕಬೇಕೆಂದರೆ ಹೆಸರು ಹಾಜರಿ ಪುಸ್ತಕದಲ್ಲಿರಬೇಕು, ಕಂಟ್ರಾಕ್ಟರು ವಂತಿಗೆ ಕಟ್ಟಿರಬೇಕು. ಕಂಟ್ರಾಕ್ಟರೇ ಫೋನಿಗೆ ಸಿಗದಿದ್ದರೆ? ಹೌಸ್‌ಕೀಪಿಂಗ್, ಸೆಕ್ಯುರಿಟಿ, ಲೋಡಿಂಗ್ ಕೆಲಸದವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಎರಡನೇ ಲಾಕ್‌ಡೌನ್ ನಂತರ, 2021ರ ಜೂನ್ 14ರಂದು ಕಾರ್ಖಾನೆ ತೆರೆದಾಗ ಉಳಿದವಕ್ಕೆಲ್ಲ ಶೇ. 50 ಸಿಬ್ಬಂದಿ, ಗಾರ್ಮೆಂಟ್ಸ್‌ಗೆ ಶೇ. 30 ಮಾತ್ರ ಎಂದು ಸರ್ಕಾರ ಹೇಳಿತು. ಆ ಶೇ. 30ರೊಳಗೆ ಕೀಮೋ ಮುಗಿಸಿ ಕೂದಲು ಉದುರಿದ ಹೆಂಗಸನ್ನು ಕರೆಯುವ ಸೂಪರ್‌ವೈಸರು ಎಷ್ಟು ಮಂದಿ ಇದ್ದಾರು? 2020ರ ಮೇನಲ್ಲಿ ರಾಜ್ಯ ಸರ್ಕಾರ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಿಕೊಳ್ಳಲು ಕಾರ್ಖಾನೆಗಳಿಗೆ ಅನುಮತಿ ಕೊಟ್ಟು, ಆಕ್ಷೇಪ ಬಂದಮೇಲೆ ಜೂನ್‌ನಲ್ಲಿ ಹಿಂದೆ ಪಡೆದದ್ದನ್ನೂ ಇಲ್ಲಿ ನೆನೆಯಬೇಕು. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ಮೈಗೆ ಹತ್ತು ಗಂಟೆಯ ಪಾಳಿ ಹೇಗೆ ಹೊಂದೀತು!

ಇನ್ನೊಂದು ಆಸರೆ ಪಿಎಫ್, ಅಂದರೆ ಭವಿಷ್ಯ ನಿಧಿ. 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆ ಮತ್ತು ತುಮಕೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎರಡು ದಿನ ಬೀದಿಗಿಳಿದು ನಗರವನ್ನೇ ನಿಲ್ಲಿಸಿದ್ದು ಈ ಹಣಕ್ಕಾಗಿ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮವನ್ನು ಕೇಂದ್ರ ಸರ್ಕಾರ ಕೈಬಿಡಲೇಬೇಕಾಯಿತು. ಕಾಲೇಜು ಫೀಸು, ಮದುವೆ, ಆಸ್ಪತ್ರೆ ಎಲ್ಲಕ್ಕೂ ಅದೇ ಗಂಟು ಎಂಬುದು ಆಗ ಮಧ್ಯಮ ವರ್ಗಕ್ಕೆ ಮೊದಲ ಸಲ ಕಂಡಿತು. ಪಿಎಫ್ ನಿಯಮದಲ್ಲೇ ಕ್ಯಾನ್ಸರ್ ಚಿಕಿತ್ಸೆಗೆ ಮುಂಗಡ ತೆಗೆಯಲು ಅವಕಾಶವಿದೆ. 2020ರ ಮಾರ್ಚ್ ಕೊನೆಗೆ ಕೋವಿಡ್ ಮುಂಗಡವೂ ಬಂತು: ಮೂರು ತಿಂಗಳ ಸಂಬಳ ಅಥವಾ ಖಾತೆಯಲ್ಲಿದ್ದುದರ ಶೇ. 75, ಯಾವುದು ಕಡಿಮೆಯೋ ಅದು. ಅಕ್ಕಿಬೇಳೆಗೂ ಬಾಡಿಗೆಗೂ ಆ ಮುಂಗಡ ಕರಗಿದ ಮನೆಯಲ್ಲಿ ಆರು ತಿಂಗಳ ನಂತರ ಗಡ್ಡೆ ಪತ್ತೆಯಾದರೆ ಖಾತೆಯಲ್ಲಿ ಉಳಿದಿರುತ್ತಿದ್ದುದು ಪುಡಿಗಾಸು.

ಕೆಲಸದ ಕಾರ್ಡು ಕೈಕೊಟ್ಟರೆ ಸರ್ಕಾರದ ಕಾರ್ಡು ಇತ್ತಲ್ಲ ಎನ್ನಬಹುದು. 2018ರಲ್ಲಿ ಒಂದಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಯಾದಗಿರಿಯ ರೇಷನ್ ಕಾರ್ಡು ಬೆಂಗಳೂರಿನಲ್ಲೂ ನಡೆಯುತ್ತದೆ, ಕಾರ್ಡು ಊರಿನ ಪೆಟ್ಟಿಗೆಯಲ್ಲಿ ಉಳಿದಿರದಿದ್ದರೆ. ಬಿಹಾರದವರಿಗೂ ಆಯುಷ್ಮಾನ್ ಕಾರ್ಡಿದ್ದರೆ ಬೇರೆ ರಾಜ್ಯದಲ್ಲಿ ಬಳಸುವ ಅವಕಾಶವಿತ್ತು. ಒಡಿಶಾ ಆಗ ಈ ಯೋಜನೆಗೆ ಸೇರಿರಲಿಲ್ಲ. ಪಶ್ಚಿಮ ಬಂಗಾಳ ಸೇರಿ, 2019ರ ಜನವರಿಯಲ್ಲಿ ಹೊರಬಂದಿತ್ತು. ವೈಟ್‌ಫೀಲ್ಡ್ ಸುತ್ತಿನ ಕಟ್ಟಡ ಕೆಲಸ ಮತ್ತು ಕಸ ಆಯುವ ಕೆಲಸದಲ್ಲಿ ಈ ಎರಡು ರಾಜ್ಯಗಳವರು ದಂಡಿಯಾಗಿದ್ದಾರೆ. ಕೇಂದ್ರ–ರಾಜ್ಯಗಳ ಹಗ್ಗಜಗ್ಗಾಟದ ಫಲವನ್ನು ಎರಡು ಸಾವಿರ ಕಿಲೋಮೀಟರ್ ದೂರದ ಕುಂದಲಹಳ್ಳಿ, ತೂಬರಹಳ್ಳಿಯ ಶೆಡ್ಡುಗಳಲ್ಲಿ ಇದ್ದವರು ಉಂಡರು. ಲಾಕ್‌ಡೌನ್‌ಗೆ ಎರಡು ತಿಂಗಳ ಮುಂಚೆ, 2020ರ ಜನವರಿಯಲ್ಲಿ, ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಇಂಥದೇ ಶೆಡ್ಡುಗಳನ್ನು ಅಕ್ರಮ ವಲಸಿಗರದ್ದೆಂದು ಕೆಡವಲಾಗಿತ್ತು. ಅಲ್ಲಿದ್ದ ಅನೇಕರು ಉತ್ತರ ಕರ್ನಾಟಕದವರೇ. ಆ ಭಯ ಹಸಿಯಾಗಿದ್ದಾಗ ‘ಆಧಾರ್ ತೋರಿಸಿ’ ಎನ್ನುವ ಯಾವ ಕೌಂಟರಿನ ಮುಂದೆ ನಿಲ್ಲಲೂ ಜನ ಹಿಂಜರಿಯುವುದು ಸಹಜ.

ಮೇ ಮೊದಲ ವಾರದ ಹೊತ್ತಿಗೆ ಊರಿಗೆ ಹೊರಟವರ ಗುಂಪು ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ಮುಂದೆ ಸೇರಿತು. ಪೀಣ್ಯ ಪಕ್ಕದ ಚಿಕ್ಕಬಾಣಾವರದಿಂದ ಶ್ರಮಿಕ್ ರೈಲುಗಳು ಹೊರಟವು. ಬಿಲ್ಡರುಗಳ ಸಭೆಯ ಬೆನ್ನಿಗೇ ರಾಜ್ಯ ಸರ್ಕಾರ ರೈಲು ರದ್ದು ಮಾಡಿ, ಟೀಕೆ ಜೋರಾದಮೇಲೆ ಮತ್ತೆ ಬಿಟ್ಟಿತು. ಹಾಗೆ ಹೋದವರಲ್ಲಿ ರೋಗಿಗಳೆಷ್ಟು ಎಂದು ಎಣಿಸುವ ಪುಸ್ತಕ ಯಾವ ಪ್ಲಾಟ್‌ಫಾರಮ್ಮಿನಲ್ಲೂ ಇರಲಿಲ್ಲ. ಕೀಮೋ ಮೂರನೇ ಸುತ್ತಿಗೆ ನಿಂತವರಿಗೆ ಊರಿನಲ್ಲಿ ನಾಲ್ಕನೆಯದು ಕೊಡುವವರಿರಲಿಲ್ಲ. ಅವರ ಫೈಲು ಬೆಂಗಳೂರಿನಲ್ಲಿತ್ತು.

ರೆಫರಲ್ ಎಂಬ ಇನ್ನೊಂದು ಮೆಟ್ಟಿಲು ಕುಸಿದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಬಳಸಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ಪತ್ರ ತರಬೇಕು. ವಿಕ್ಟೋರಿಯಾ ಕೋವಿಡ್ ಆಸ್ಪತ್ರೆಯಾಯಿತು. ಸಿ.ವಿ. ರಾಮನ್ ನಗರ, ಕೆ.ಸಿ. ಜನರಲ್‌ಗಳಲ್ಲಿ ಕೋವಿಡ್ ವಾರ್ಡು ಬಂದವು. ಇಎಸ್‌ಐ ಹಾಸಿಗೆಗಳೂ ಅದಕ್ಕೇ ಹಂಚಿಹೋದವು, ಕಲಬುರಗಿಯದಂತೂ ಪೂರ್ತಿ ಕೋವಿಡ್‌ಗೆ ಮೀಸಲಾಯಿತು. ಬೀದಿಯ ಕ್ಲಿನಿಕ್ಕುಗಳು ಶಟರ್ ಎಳೆದವು. ಗಂಟು ಮುಟ್ಟಿನೋಡಿ ‘ತಡ ಮಾಡಬೇಡಮ್ಮ, ಕಿದ್ವಾಯಿಗೆ ಹೋಗು’ ಎನ್ನುವ ಮೊದಲ ಬಾಯಿಯೇ ಇಲ್ಲವಾಯಿತು. ಶಸ್ತ್ರಚಿಕಿತ್ಸೆಗೆ ಮುಂಚೆ ಕೋವಿಡ್ ಪರೀಕ್ಷೆ ಬೇಕೆಂಬ ನಿಯಮ ಬಂದಾಗ ಖಾಸಗಿ ಲ್ಯಾಬಿನ ದರಕ್ಕೆ ಐಸಿಎಂಆರ್ ಹಾಕಿದ್ದ ಮೇಲ್ಮಿತಿ 4,500 ರೂಪಾಯಿ. ಬಡವರಿಗೆ ಉಚಿತ ಮಾಡಬೇಕೆಂದು ಸುಪ್ರೀಂ ಕೋರ್ಟ್ ಏಪ್ರಿಲ್‌ನಲ್ಲಿ ಹೇಳಿತು. ಅಲ್ಲೂ ಕೇಳಿದ್ದು ಅದೇ ಆಯುಷ್ಮಾನ್ ಕಾರ್ಡು.

ರಕ್ತದ ವಿಚಾರ ಈ ವಲಯಗಳಿಗೇ ವಿಶೇಷವಾದದ್ದು. ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಪ್ಲೇಟ್‌ಲೆಟ್ ವಾರವಾರ ಬೇಕಾಗಬಹುದು, ಮತ್ತು ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಬೆಂಗಳೂರಿನ ರಕ್ತನಿಧಿಗಳಿಗೆ ಕಾಲೇಜುಗಳ ಜತೆ ಐ.ಟಿ. ಕಂಪನಿಗಳ ಶಿಬಿರಗಳೂ ದೊಡ್ಡ ಮೂಲ. ಮಾರ್ಚ್‌ನಲ್ಲಿ ಎಂಜಿನಿಯರುಗಳು ಲ್ಯಾಪ್‌ಟಾಪ್ ಹೊತ್ತು ಮನೆಗೆ ಹೋದರು, ಶಿಬಿರಗಳು ನಿಂತವು. ಎಲೆಕ್ಟ್ರಾನಿಕ್ ಸಿಟಿಯ ಖಾಲಿ ಕ್ಯಾಂಪಸ್ಸಿಗೂ ಹೊಸೂರು ರಸ್ತೆಯ ಮಕ್ಕಳ ವಾರ್ಡಿಗೂ ಇದ್ದ ನಂಟು ಅದು ಕಡಿದಾಗಲೇ ಕಂಡದ್ದು.

ವೈದ್ಯರು ಕೈಕಟ್ಟಿ ಕೂರಲಿಲ್ಲ. ಅವರ ಮುಂದಿದ್ದ ಇಕ್ಕಟ್ಟು ನಿಜವಾದದ್ದು. ಕೀಮೋ ಬಿಳಿ ರಕ್ತಕಣ ಇಳಿಸುತ್ತದೆ. ಹತ್ತಡಿ ಕೋಣೆಯಲ್ಲಿ ಐದಾರು ಜನ, ವಠಾರಕ್ಕೆಲ್ಲ ಒಂದು ಶೌಚಾಲಯ ಇರುವಲ್ಲಿಗೆ ಅಂಥ ರೋಗಿಯನ್ನು ಕಳಿಸುವುದು ಹೇಗೆ? ಚೀನಾದಿಂದ 2020ರ ಫೆಬ್ರುವರಿಯಲ್ಲೇ ಬಂದಿದ್ದ ವರದಿಯೊಂದು 1,590 ಕೋವಿಡ್ ರೋಗಿಗಳನ್ನು ಪರಿಶೀಲಿಸಿ, ಅವರಲ್ಲಿ ಕ್ಯಾನ್ಸರ್ ಇದ್ದ 18 ಜನರ ಸ್ಥಿತಿ ಬೇಗ ಬಿಗಡಾಯಿಸಿತು ಎಂದಿತ್ತು. ಹದಿನೆಂಟು ಮಂದಿಯ ಆಧಾರದ ಮೇಲೆ ಜಗತ್ತೇ ಚಿಕಿತ್ಸೆ ಮುಂದೂಡುವ ಯೋಚನೆಗೆ ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ‘ಬಿಎಂಜೆ’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಇನ್ನೊಂದು ಮಗ್ಗುಲು ತೋರಿಸಿತು: ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಏರುತ್ತದೆ.

ಈ ಒತ್ತಡದಲ್ಲಿ ಕೆಲವು ಒಳ್ಳೆಯ ಬದಲಾವಣೆಗಳೂ ವೇಗ ಪಡೆದವು. ಸ್ತನ ಕ್ಯಾನ್ಸರಿಗೆ ಐದಾರು ವಾರ ದಿನಾ ಬಂದು ಕರೆಂಟು ತೆಗೆದುಕೊಳ್ಳುವ ಬದಲು ಒಂದೇ ವಾರದಲ್ಲಿ ಐದು ಸಲ ಕೊಟ್ಟರೂ ಸಾಕಾಗುವ ಸಂದರ್ಭಗಳಿವೆ ಎಂದು ಬ್ರಿಟನ್ನಿನ ‘ಫಾಸ್ಟ್ ಫಾರ್ವರ್ಡ್’ ಪ್ರಯೋಗ 2020ರ ಏಪ್ರಿಲ್‌ನಲ್ಲೇ ತೋರಿಸಿತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಗುಣವಾಗುವ ಹಂತ ದಾಟಿದ ತಲೆ–ಕುತ್ತಿಗೆ ಕ್ಯಾನ್ಸರಿನಲ್ಲಿ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್ ಎಂಬ ಅಗ್ಗದ ಎರಡು ಮಾತ್ರೆಗಳು ಡ್ರಿಪ್ಪಿನ ಸಿಸ್ಪ್ಲಾಟಿನ್‌ಗಿಂತ ಹೆಚ್ಚು ಕಾಲ ರೋಗಿಗಳನ್ನು ಉಳಿಸುತ್ತವೆ ಎಂಬ ಫಲಿತಾಂಶವನ್ನು ಅದೇ ವರ್ಷ ಪ್ರಕಟಿಸಿದರು. ಕರ್ನಾಟಕದಲ್ಲಿ ವಯಸ್ಕರ ಪೈಕಿ ಶೇ. 22.8 ಮಂದಿ ತಂಬಾಕು ಬಳಸುತ್ತಾರೆ ಎನ್ನುತ್ತದೆ 2016–17ರ ರಾಷ್ಟ್ರೀಯ ಸಮೀಕ್ಷೆ, ಅದರಲ್ಲಿ ಸೇದುವವರಿಗಿಂತ ಅಗಿಯುವವರೇ ಜಾಸ್ತಿ. ಸೈಟು, ಶೆಡ್ಡುಗಳಲ್ಲಿ ಹಸಿವು ಮರೆಯಲೂ ನಿದ್ದೆ ತಡೆಯಲೂ ಅದೇ ಚಟ. ಮನೆಯಲ್ಲೇ ನುಂಗಬಹುದಾದ ಅಗ್ಗದ ಮಾತ್ರೆಯ ಬೆಲೆ ಇವರಿಗೆ ಗೊತ್ತು.

ನೋವಿನ ಔಷಧಿಯ ವಿಚಾರದಲ್ಲಿ ಮಾತ್ರ ಕಾನೂನು ಅಡ್ಡ ಬಂತು. ಲಾಕ್‌ಡೌನ್ ಶುರುವಾದ ದಿನವೇ, ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿ ಫೋನಿನಲ್ಲೇ ಔಷಧಿ ಬರೆದುಕೊಡುವುದಕ್ಕೆ ಒಪ್ಪಿಗೆ ಕೊಟ್ಟಿತು. ಮಾದಕ ವಸ್ತು ಕಾಯ್ದೆಯಡಿ ಬರುವ ಔಷಧಿಗಳಿಗೆ ಆ ಒಪ್ಪಿಗೆ ಇಲ್ಲ. ಮಾರ್ಫಿನ್ ಆ ಪಟ್ಟಿಯಲ್ಲಿದೆ. ಕೊನೆಯ ಹಂತದ ರೋಗಿ ನರಳುತ್ತಿದ್ದರೂ ಚೀಟಿಗಾಗಿ ಮನೆಯವರು ಆಸ್ಪತ್ರೆಗೆ ಬರಲೇಬೇಕು, ಬರಲು ಬಸ್ಸಿಲ್ಲ. ವೈಟ್‌ಫೀಲ್ಡ್ ದಾರಿಯ ಕುಂದಲಹಳ್ಳಿ ಬಳಿ, ವರ್ತೂರು ರಸ್ತೆಯಲ್ಲಿ, ಬೆಂಗಳೂರು ಹಾಸ್ಪೈಸ್ ಟ್ರಸ್ಟ್‌ನ ‘ಕರುಣಾಶ್ರಯ’ ಇದೆ. 1994ರಲ್ಲಿ ಹುಟ್ಟಿದ ಈ ಟ್ರಸ್ಟ್ ವಾಸಿಯಾಗದ ಕ್ಯಾನ್ಸರ್ ರೋಗಿಗಳಿಗೆ ಒಂದು ಪೈಸೆ ಪಡೆಯದೆ ಕೊನೆಗಾಲದ ಆರೈಕೆ ಕೊಡುತ್ತದೆ. ಆ ವಲಯದ ಬಡವರ ಅದೃಷ್ಟ ಅದು. ಪೀಣ್ಯದ ಅಕ್ಕಪಕ್ಕ ಅಂಥದ್ದೊಂದು ಇದ್ದಿದ್ದರೆ ಎನಿಸದಿರದು.

ಗಡಿಯ ಕನ್ನಡಿಗರ ಪಾಡು ಇನ್ನೂ ಕಠಿಣವಾಗಿತ್ತು. ಕಾಸರಗೋಡಿನ ಮಂಜೇಶ್ವರ, ಉಪ್ಪಳದವರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ತಲಪಾಡಿಯ ದಾರಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಆಂಬುಲೆನ್ಸ್ ತಿರುಗಿ ಹೋಗಿ ಹಲವು ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟ್ ತಲುಪಿ, ಎರಡೂ ರಾಜ್ಯಗಳು ರೋಗಿಗಳ ಓಡಾಟಕ್ಕೆ ನಿಯಮ ಒಪ್ಪಿಕೊಂಡವು. ಎಲೆಕ್ಟ್ರಾನಿಕ್ ಸಿಟಿಯ ಆಚೆ ಅತ್ತಿಬೆಲೆ ದಾಟಿದರೆ ಹೊಸೂರು, ಕೃಷ್ಣಗಿರಿ. ಅಲ್ಲಿನವರಿಗೂ ಕಿದ್ವಾಯಿಯೇ ಹತ್ತಿರ, ಅವರಿಗೂ ಮೊದಲು ಎದುರಾಗುತ್ತಿದ್ದುದು ಚೆಕ್‌ಪೋಸ್ಟ್.

ಲಸಿಕೆ ಬಂದಾಗ ಕ್ಯಾನ್ಸರ್ ರೋಗಿಗಳಿಗೆ ಆದ್ಯತೆ ಸಿಕ್ಕಿತು, ಅರ್ಧಂಬರ್ಧ. 2021ರ ಮಾರ್ಚ್ 1ರಿಂದ 45 ದಾಟಿದವರಲ್ಲಿ ಇಪ್ಪತ್ತು ಬಗೆಯ ಕಾಯಿಲೆ ಇದ್ದವರಿಗೆ ಮೊದಲ ಪಾಳಿ ಎಂದರು. ಚಿಕಿತ್ಸೆಯಲ್ಲಿರುವ ಕ್ಯಾನ್ಸರ್ ಆ ಪಟ್ಟಿಯಲ್ಲಿತ್ತು, ವೈದ್ಯರ ಪ್ರಮಾಣಪತ್ರ ಬೇಕಿತ್ತು. 38 ವರ್ಷದ ಹೊಲಿಗೆಯಾಕೆ ಕೀಮೋ ತೆಗೆದುಕೊಳ್ಳುತ್ತಿದ್ದರೂ ಮೇ 1ರವರೆಗೆ ಕಾಯಬೇಕು. ಮೇ ಹೊತ್ತಿಗೆ ಎರಡನೇ ಅಲೆ ನೆತ್ತಿಗೇರಿತ್ತು. 18ರಿಂದ 44ರವರ ಲಸಿಕೆಯನ್ನು ಕರ್ನಾಟಕ ದಾಸ್ತಾನಿಲ್ಲದೆ ಕೆಲಕಾಲ ನಿಲ್ಲಿಸಿತು. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಹೆಚ್ಚಾಗಿ ನಲವತ್ತರ ಒಳಗಿನ ಹೆಣ್ಣುಮಕ್ಕಳು. ಬೆಂಗಳೂರಿನ ಹೆಂಗಸರಲ್ಲಿ ಮೊದಲ ಸ್ಥಾನದಲ್ಲಿರುವ ಸ್ತನ ಕ್ಯಾನ್ಸರ್ ನಮ್ಮಲ್ಲಿ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ವಯಸ್ಸಿನ ಗೆರೆ ಎಳೆದ ಕೈಗೆ ಈ ಎರಡು ಸಂಗತಿ ಒಟ್ಟಿಗೆ ಕಂಡಿರಲಿಲ್ಲ.

ಇಷ್ಟಕ್ಕೂ ಎಲ್ಲ ತಪ್ಪನ್ನೂ ವೈರಸ್ಸಿನ ತಲೆಗೆ ಕಟ್ಟುವುದು ಸುಲಭದ ದಾರಿ. ಕರ್ನಾಟಕದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019ರಲ್ಲಿ, ಕೋವಿಡ್ ಬರುವ ಮೊದಲು. ಗರ್ಭಕಂಠ, ಸ್ತನ, ಬಾಯಿ ಈ ಮೂರರಲ್ಲಿ ಯಾವ ಕ್ಯಾನ್ಸರಿಗಾದರೂ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡ ಹೆಂಗಸರ ಪ್ರಮಾಣ ರಾಜ್ಯದಲ್ಲಿ ಶೇ. 1ನ್ನೂ ಮುಟ್ಟಿರಲಿಲ್ಲ. 30 ದಾಟಿದವರ ತಪಾಸಣೆಗೆ ಸರ್ಕಾರದ ಕಾರ್ಯಕ್ರಮವಿದೆ, ಅದರ ಮೊದಲ ಫಾರಂ ತುಂಬಬೇಕಾದವರು ಆಶಾ ಕಾರ್ಯಕರ್ತೆಯರು. ನಗರದಲ್ಲಿ ಮೊದಲೇ ವಿರಳರಾಗಿದ್ದ ಅವರನ್ನು 2020ರಲ್ಲಿ ಮನೆಮನೆಯ ಕೋವಿಡ್ ಸಮೀಕ್ಷೆಗೆ ಹಚ್ಚಲಾಯಿತು. ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದ್ದು, ಮಾಸ್ಕು–ಗ್ಲೌಸು ಕೇಳಿದ್ದು ಅನ್ಯಾಯದ ಬೇಡಿಕೆಯೇನಾಗಿರಲಿಲ್ಲ.

ಆಮೇಲೆ ಏನೂ ಆಗಲಿಲ್ಲ ಎನ್ನುವಂತಿಲ್ಲ. 2023ರಲ್ಲಿ ಬೆಂಗಳೂರಿನ ವಾರ್ಡುಗಳಿಗೆ ‘ನಮ್ಮ ಕ್ಲಿನಿಕ್’ ಬಂದವು. ಮನೆಬಾಗಿಲಲ್ಲಿ ಬಿಪಿ, ಸಕ್ಕರೆಯ ಜತೆ ಕ್ಯಾನ್ಸರ್ ತಪಾಸಣೆಯೂ ನಡೆಯುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಆರಂಭವಾಯಿತು. 2025ರ ಮೇನಲ್ಲಿ ರಾಜ್ಯದ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳು ಶುರುವಾದವು. ಊರಿಗೆ ಮರಳಿದವರ ನಾಲ್ಕನೇ ಸುತ್ತು ಇನ್ನು ಅಲ್ಲೇ ಸಾಧ್ಯವಾದೀತು, ಬೆಂಗಳೂರಿನ ಫೈಲು ಕಂಪ್ಯೂಟರಿನ ಮೂಲಕವಾದರೂ ಅಲ್ಲಿಗೆ ತಲುಪುವಂತಿದ್ದರೆ. ಜಿಲ್ಲೆಗಳಿಗೆ ಹೀಗೆ ಏನೋ ಒಂದು ದಕ್ಕುತ್ತಿರುವಾಗ ರಾಜಧಾನಿಯ ಹೊರಅಂಚು ಯಾವ ಲೆಕ್ಕಕ್ಕೆ ಸೇರಬೇಕು ಎಂಬುದು ಇನ್ನೂ ಗೊಂದಲದಲ್ಲೇ ಇದೆ. ಪೀಣ್ಯದ ಜನಸಂಖ್ಯೆಗೆ ಪ್ರತ್ಯೇಕ ಜಿಲ್ಲಾಸ್ಪತ್ರೆ ಇಲ್ಲ. ಕಾರ್ಖಾನೆಗಳಿವೆ, ಮೆಟ್ರೊ ಇದೆ, ಇಎಸ್‌ಐ ಆಸ್ಪತ್ರೆಯೂ ಇದೆ. ಕೀಮೋ ಕುರ್ಚಿಗಳನ್ನು ಅಲ್ಲೇ ಹಾಕಲು ಏನಡ್ಡಿ ಎಂದು ರಾಜ್ಯ ಸರ್ಕಾರವೂ ಇಎಸ್‌ಐ ನಿಗಮವೂ ಒಂದೇ ಮೇಜಿನಲ್ಲಿ ಕೂತು ಕೇಳಿಕೊಂಡರೆ ಉತ್ತರ ಕಷ್ಟವಾಗಲಾರದು.

2025ರ ನವೆಂಬರ್ 21ರಂದು ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಂದು ಅಂಶವನ್ನು ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತು: ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಮಾಲೀಕರ ಖರ್ಚಿನಲ್ಲಿ ಆರೋಗ್ಯ ತಪಾಸಣೆ. ಒಳ್ಳೆಯದೇ. ಆದರೆ ಸರ್ಕಾರದ್ದೇ ಇನ್ನೊಂದು ಕಾರ್ಯಕ್ರಮ ಸ್ತನ, ಗರ್ಭಕಂಠ, ಬಾಯಿ ಕ್ಯಾನ್ಸರಿನ ತಪಾಸಣೆ ಮೂವತ್ತಕ್ಕೇ ಶುರುವಾಗಬೇಕು ಎನ್ನುತ್ತದೆ. ಪೀಣ್ಯದ ಹೊಲಿಗೆ ಸಾಲುಗಳಲ್ಲಿ ಕೂರುವ ಹೆಣ್ಣುಮಕ್ಕಳು ಹೆಚ್ಚಿನವರು ಈ ಎರಡು ವಯಸ್ಸುಗಳ ನಡುವಿನವರು, ಮತ್ತು ನಲವತ್ತು ತುಂಬುವ ಹೊತ್ತಿಗೆ ಅವರಲ್ಲಿ ಅನೇಕರು ಕೆಲಸ ಬಿಟ್ಟಾಗಿರುತ್ತದೆ.